‘ರಕ್ತ ಬೇಡ’ ಎಂದವರಿಂದ ಕಲಿತದ್ದು

ಕಾಲೇಜಿನ ರಕ್ತದಾನ ಶಿಬಿರದಲ್ಲಿ ಸಾಲುಗಟ್ಟಿ ನಿಲ್ಲುವ ನಮಗೆ, ಹೃದಯದ ಆಪರೇಷನ್‌ಗೆ ಹೋಗುವಾಗಲೂ ‘ನನಗೆ ರಕ್ತ ಬೇಡ’ ಎನ್ನುವವರ ಬಗ್ಗೆ ಕೇಳಿದರೆ ಸಿಟ್ಟು ಬರುವುದು ಸಹಜ. ‘ಯೆಹೋವನ ಸಾಕ್ಷಿಗಳು’ ಎಂಬ ಕ್ರೈಸ್ತ ಪಂಥದವರು ಬೈಬಲ್‌ನ ಆಧಾರದ ಮೇಲೆ ರಕ್ತ ಹಾಕಿಸಿಕೊಳ್ಳುವುದಿಲ್ಲ. ಅವರ ನಂಬಿಕೆಯನ್ನು ನಾವು ಒಪ್ಪಬೇಕಿಲ್ಲ. ಆದರೆ ಆ ‘ಬೇಡ’ವನ್ನು ಕೆಲವು ವೈದ್ಯರು ಕಿವಿಗೊಟ್ಟು ಕೇಳಿದ್ದರಿಂದ ನಮ್ಮೆಲ್ಲರಿಗೂ ಒಳ್ಳೆಯದಾಗಿದೆ ಎಂಬುದು ನನ್ನ ಅನಿಸಿಕೆ.

ತೆರೆದ ಹೃದಯದ ಶಸ್ತ್ರಚಿಕಿತ್ಸೆ ಶುರುವಾದ ದಿನಗಳಲ್ಲಿ, ಹೃದಯ ಮತ್ತು ಶ್ವಾಸಕೋಶದ ಕೆಲಸ ಮಾಡುವ ಯಂತ್ರವನ್ನು ತುಂಬಿಸುವುದಕ್ಕೇ ಹಲವು ಬಾಟಲಿ ರಕ್ತ ಬೇಕಿತ್ತು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಡಾ. ಡೆಂಟನ್ ಕೂಲಿ 1960ರ ದಶಕದ ಆರಂಭದಲ್ಲೇ ರಕ್ತದ ಬದಲು ಗ್ಲೂಕೋಸ್ ದ್ರಾವಣ ತುಂಬಿಸಿ ಈ ಪಂಥದವರಿಗೆ ಆಪರೇಷನ್ ಮಾಡತೊಡಗಿದರು. 1977ರಲ್ಲಿ ಅವರ ತಂಡ ಇಂಥ 542 ಶಸ್ತ್ರಚಿಕಿತ್ಸೆಗಳ ವಿವರ ಪ್ರಕಟಿಸಿತು. 30 ದಿನಗಳೊಳಗೆ ತೀರಿಕೊಂಡವರು ಶೇ 9.4. ಅವರಲ್ಲಿ ರಕ್ತನಷ್ಟವೇ ನೇರ ಕಾರಣವಾಗಿದ್ದು ಮೂವರಿಗೆ ಮಾತ್ರ.

ಇದರಲ್ಲಿ ಪವಾಡವೇನೂ ಇಲ್ಲ, ಇರುವುದು ಮುಂಚಿನ ತಯಾರಿ. ಆಪರೇಷನ್‌ಗೆ ವಾರಗಳ ಮೊದಲೇ ರಕ್ತ ಪರೀಕ್ಷಿಸಿ, ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಕಬ್ಬಿಣಾಂಶ ಮತ್ತು ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನ್ ಕೊಟ್ಟು ಏರಿಸುತ್ತಾರೆ. ಆಪರೇಷನ್ ವೇಳೆ ರಕ್ತಸ್ರಾವ ತಗ್ಗಿಸುವ ಔಷಧ ಕೊಡುತ್ತಾರೆ. ಸೋರಿದ ರಕ್ತವನ್ನು ಹೀರಿ, ತೊಳೆದು, ಅದೇ ರೋಗಿಗೆ ಮರಳಿಸುವ ಯಂತ್ರವೂ ಇದೆ. ಆ ರಕ್ತ ದೇಹದ ಜತೆಗಿನ ಕೊಳವೆಯ ಸಂಪರ್ಕ ಕಳೆದುಕೊಳ್ಳದಿದ್ದರೆ ಈ ಪಂಥದ ಕೆಲವರು ಅದನ್ನು ಒಪ್ಪುತ್ತಾರೆ. ನಂತರದ ಚೇತರಿಕೆಯಲ್ಲೂ ಎಚ್ಚರ ಬೇಕು. ಪದೇ ಪದೇ ಪರೀಕ್ಷೆಗೆಂದು ರಕ್ತ ತೆಗೆಯದೆ, ತೆಗೆದರೂ ಮಕ್ಕಳಿಗೆ ಬಳಸುವಂಥ ಪುಟ್ಟ ಟ್ಯೂಬ್‌ಗಳಲ್ಲಿ ತೆಗೆಯುತ್ತಾರೆ. ಹಿಮೋಗ್ಲೋಬಿನ್ ಕಡಿಮೆಯಿದ್ದಾಗ ನಾಲ್ಕು ಹೆಜ್ಜೆ ನಡೆದರೂ ಸುಸ್ತು, ಏದುಸಿರು. ಅದು ಏರುವವರೆಗೆ ರೋಗಿಯೂ ಮನೆಯವರೂ ತಾಳ್ಮೆಯಿಂದ ಇರಬೇಕಾಗುತ್ತದೆ.

ಫಲವೇನು? ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೃದಯ ಶಸ್ತ್ರಚಿಕಿತ್ಸೆಯಾದ ಈ ಪಂಥದ 322 ಮಂದಿಯನ್ನು ರಕ್ತ ಪಡೆದ, ಅವರಂಥದೇ ಸ್ಥಿತಿಯ ರೋಗಿಗಳೊಂದಿಗೆ ಹೋಲಿಸಲಾಯಿತು. ಒಂದು ವರ್ಷದ ನಂತರ ಬದುಕಿದ್ದವರು ಇವರಲ್ಲಿ ಶೇ 95, ಅವರಲ್ಲಿ ಶೇ 89. ಹಾಗೆಂದು ರಕ್ತವೇ ಅಪಾಯ ಎಂದು ತೀರ್ಮಾನಿಸುವಂತಿಲ್ಲ. ತೀರಾ ನಿತ್ರಾಣಗೊಂಡವರಿಗೆ ರಕ್ತವಿಲ್ಲದೆ ಆಪರೇಷನ್ ಮಾಡಲು ವೈದ್ಯರೇ ಹಿಂಜರಿದಿರಬಹುದು. ರಕ್ತ ಪಡೆದವರು ಹೆಚ್ಚು ತೊಂದರೆಯಲ್ಲಿದ್ದವರೂ ಆಗಿರಬಹುದು. ಹೆಚ್ಚು ನೆಚ್ಚಬಹುದಾದ ಪುರಾವೆ 2017ರದ್ದು. ಹೃದಯ ಶಸ್ತ್ರಚಿಕಿತ್ಸೆಯ ಸುಮಾರು 5,000 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಹಿಮೋಗ್ಲೋಬಿನ್ 7.5 ಗ್ರಾಂಗಿಂತ ಇಳಿದಾಗ ಮಾತ್ರ ರಕ್ತ ಕೊಟ್ಟರೂ, ಧಾರಾಳವಾಗಿ ಕೊಟ್ಟದ್ದಕ್ಕಿಂತ ಫಲಿತಾಂಶ ಕೆಡಲಿಲ್ಲ. ಅಂದರೆ, ರಕ್ತಕ್ಕೆ ತಕರಾರಿಲ್ಲದವರಿಗೂ ಎಷ್ಟೋ ಸಲ ಅಷ್ಟು ರಕ್ತ ಬೇಕಾಗುವುದಿಲ್ಲ.

ನಮ್ಮಲ್ಲಿ ಮುಖ್ಯವಾದ ಪ್ರಶ್ನೆ ಬೇರೆಯೇ ಇದೆ. ಆಸ್ಪತ್ರೆಗಳಲ್ಲಿ ‘ಬೇಡ’ ಎನ್ನುವ ರೋಗಿಯ ಮಾತನ್ನು ಯಾರು ಕೇಳುತ್ತಾರೆ? ಆಪರೇಷನ್‌ನ ಹಿಂದಿನ ರಾತ್ರಿ ಫಾರಂ ತಂದುಕೊಟ್ಟು ಸಂಬಂಧಿಕರ ಸಹಿ ಹಾಕಿಸಿದರೆ ಮುಗಿಯಿತು ಎಂಬ ಭಾವನೆ ಇದೆ. ಆದರೆ ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ: ಜೀವ ಉಳಿಸುವ ತುರ್ತು ಇಲ್ಲದಿದ್ದಾಗ, ವಯಸ್ಕ ರೋಗಿಯ ಒಪ್ಪಿಗೆಯ ಬದಲು ತಾಯಿಯ ಒಪ್ಪಿಗೆಯೂ ಸಾಲದು. ರಕ್ತ ಬೇಡವೆನ್ನುವವರು ಅದನ್ನು ಮೊದಲೇ ಬರೆದುಕೊಡಬೇಕು. ವೈದ್ಯರು ಸಾವಿನ ಅಪಾಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹಠಾತ್ತನೆ ಭಾರೀ ರಕ್ತಸ್ರಾವವಾದರೆ ಆ ನಿರ್ಧಾರಕ್ಕೆ ಪ್ರಾಣವೇ ಬೆಲೆಯಾಗಬಹುದು. ಅದನ್ನು ತಿಳಿದೂ ವಯಸ್ಕರೊಬ್ಬರು ಬೇಡವೆಂದರೆ ಆ ಮಾತು ನಡೆಯಬೇಕು. ಪುಟ್ಟ ಮಕ್ಕಳ ವಿಷಯ ಬೇರೆ. ಹೆತ್ತವರ ನಂಬಿಕೆಗೆ ಮಗುವಿನ ಪ್ರಾಣವನ್ನು ಒತ್ತೆಯಿಡಬಾರದು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಮನೆಯಲ್ಲಿ ಯಾರಿಗಾದರೂ ಆಪರೇಷನ್ ನಿಗದಿಯಾದರೆ, ‘ರಕ್ತ ಕೊಡುವವರು ಬೇಕು’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಹಾಕುವ ಮೊದಲು ಅಮ್ಮನ ಹಿಮೋಗ್ಲೋಬಿನ್ ಎಷ್ಟಿದೆ, ಅದನ್ನು ಏರಿಸಲು ಸಮಯವಿದೆಯೇ ಎಂದು ವೈದ್ಯರನ್ನು ಕೇಳೋಣ. ರಕ್ತದಾನವನ್ನಂತೂ ನಿಲ್ಲಿಸುವುದು ಬೇಡ. ಹೀಗೆ ಉಳಿಯುವ ಒಂದೊಂದು ಯೂನಿಟ್ಟೂ ಅಪಘಾತದಲ್ಲಿ ಗಾಯಗೊಂಡವರಿಗೆ, ಹೆರಿಗೆಯಲ್ಲಿ ರಕ್ತ ಕಳೆದುಕೊಂಡವರಿಗೆ, ಥಲಸ್ಸೇಮಿಯಾ ಇರುವ ಮಕ್ಕಳಿಗೆ ಬೇಕೇ ಬೇಕು.