ಲಿಫ್ಟ್ ಬಂತು ಸರಿ, ನೆಲ ಎಲ್ಲಿದೆ ಸ್ವಾಮಿ?

ಕಾರು ನೆಲ ಬಿಟ್ಟು ಐದಾರು ಅಡಿ ಮೇಲೆ ನಿಂತಿದೆ. ಅದರ ಕೆಳಗೆ ಒಬ್ಬ ಹುಡುಗ ತಲೆಯೆತ್ತಿಕೊಂಡು ಸೈಲೆನ್ಸರ್ ಬಿಚ್ಚುತ್ತಿದ್ದಾನೆ. ಕಾರಿನ ಯಜಮಾನರು ಪಕ್ಕದಲ್ಲೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಚಹಾ ಹೀರುತ್ತಿದ್ದಾರೆ. ಕಾರು ಹುಡುಗನ ಮೇಲೆ ಬೀಳದಂತೆ ತಡೆದಿರುವುದು ಯಾವುದು? ಲಿಫ್ಟ್ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಅರ್ಧ ಸರಿ. ಉಳಿದ ಅರ್ಧ ಆ ಲಿಫ್ಟಿನ ನಾಲ್ಕು ಕಂಬಗಳ ಅಡಿಯಲ್ಲಿದೆ. ಅದನ್ನು ಮಾತ್ರ ಯಾರೂ ಬಗ್ಗಿ ನೋಡುವುದಿಲ್ಲ.

ಒಂದು ಕಾಲಕ್ಕೆ ದೊಡ್ಡ ಸರ್ವೀಸ್ ಸ್ಟೇಷನ್ನುಗಳಲ್ಲಿ, ವೀಲ್ ಅಲೈನ್‌ಮೆಂಟ್ ಅಂಗಡಿಗಳಲ್ಲಿ ಮಾತ್ರ ಕಾಣುತ್ತಿದ್ದ ನಾಲ್ಕು ಕಂಬದ ಕಾರ್ ಲಿಫ್ಟ್ ಈಗ ಮನೆ ಕಾಂಪೌಂಡಿನೊಳಕ್ಕೂ ಕಾಲಿಟ್ಟಿದೆ. ಮೂವತ್ತು-ನಲವತ್ತರ ಸೈಟು, ಮನೆಯಲ್ಲಿ ಎರಡು ಕಾರು, ನಿಲ್ಲಿಸಲು ಜಾಗ ಒಂದೇ. ಹಾಗಾಗಿ ಒಂದರ ಮೇಲೊಂದು ನಿಲ್ಲಿಸುವ ಉಪಾಯ. ಇದು ಉಳ್ಳವರ ಕತೆ. ಇನ್ನೊಂದು ಕತೆ, ಹತ್ತಾರು ವರ್ಷ ಬೇರೆಯವರ ಗ್ಯಾರೇಜಿನಲ್ಲಿ ದುಡಿದು, ಕೊನೆಗೆ ಸ್ವಂತ ಮನೆಯ ಮುಂದೆಯೇ ತಗಡಿನ ಶೀಟು ಹೊದಿಸಿ ಕೆಲಸ ಶುರು ಮಾಡುವ ಉಸ್ತಾದರದು. ಎಲ್ಲೋ ಮುಚ್ಚಿದ ಸರ್ವೀಸ್ ಸ್ಟೇಷನ್ನಿನಿಂದ ಹಳೆಯ ಲಿಫ್ಟ್ ಕೊಂಡು, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು, ಒಂದು ಭಾನುವಾರ ನಿಲ್ಲಿಸಿಬಿಡುತ್ತಾರೆ. ಸೋಮವಾರದಿಂದ ಗಿರಾಕಿ!

ಲಿಫ್ಟೇ ಬೇಡ ಎಂಬ ಮಾತಲ್ಲ ಇದು. ಜಾಕ್ ಏರಿಸಿ, ಚಕ್ರದ ಬುಡಕ್ಕೆ ಸೈಜುಗಲ್ಲು ಕೊಟ್ಟು, ಗೋಣಿಚೀಲ ಹಾಸಿಕೊಂಡು ಕಾರಿನಡಿ ನುಸುಳುವ ಪದ್ಧತಿಗಿಂತ ಲಿಫ್ಟ್ ಸಾವಿರ ಪಾಲು ಮೇಲು. ಹೈಡ್ರಾಲಿಕ್ ಕಾರ್ ಲಿಫ್ಟ್ ಹುಟ್ಟಿದ ಬಗೆಯೇ ತಮಾಷೆಯಾಗಿದೆ. ಅಮೆರಿಕದ ಮೆಂಫಿಸ್ ಊರಿನ ಪೀಟರ್ ಲುನಾಟಿ ಎಂಬಾತ ಕ್ಷೌರದಂಗಡಿಯ ಕುರ್ಚಿ ಮೇಲೇರುವುದನ್ನು ಕಂಡು, ಮನುಷ್ಯನನ್ನು ಹೀಗೆ ಎತ್ತಬಹುದಾದರೆ ಕಾರನ್ನೇಕೆ ಎತ್ತಬಾರದು ಎಂದು ಹೊರಟನಂತೆ. ಅದು 1925. ನೂರು ವರ್ಷವಾಯಿತು. ಮೆಕ್ಯಾನಿಕ್‌ನ ಬೆನ್ನು ನೆಲ ಬಿಟ್ಟಿತು.

ನಾಲ್ಕು ಕಂಬದ ಲಿಫ್ಟಿನಲ್ಲಿ ಯಂತ್ರ ದೊಡ್ಡದೇನೂ ಅಲ್ಲ. ಕಾರು ನಿಲ್ಲುವ ಎರಡು ಉದ್ದ ಹಲಗೆಗಳಲ್ಲಿ ಒಂದರ ಅಡಿಗೆ ಹೈಡ್ರಾಲಿಕ್ ಸಿಲಿಂಡರ್ ಇರುತ್ತದೆ. ಅದು ನಾಲ್ಕು ಉಕ್ಕಿನ ಹಗ್ಗಗಳನ್ನು ರಾಟೆಗಳ ಮೂಲಕ ಎಳೆಯುತ್ತದೆ, ನಾಲ್ಕೂ ಮೂಲೆ ಒಟ್ಟಿಗೆ ಏಳುತ್ತವೆ. ಪ್ರತಿ ಕಂಬದಲ್ಲೂ ಏಣಿಯ ಮೆಟ್ಟಿಲಿನಂತೆ ಲಾಕಿನ ತೂತುಗಳಿರುತ್ತವೆ. ಏರುವಾಗ ಟಕ್, ಟಕ್ ಎಂದು ಕೇಳಿಸುವುದು ಅದೇ. ಬೇಕಾದಷ್ಟು ಎತ್ತರಕ್ಕೆ ಹೋದ ಮೇಲೆ ಸ್ವಲ್ಪ ಕೆಳಗಿಳಿಸಿ, ನಾಲ್ಕೂ ಲಾಕುಗಳ ಮೇಲೆ ಭಾರ ಕೂರಿಸಬೇಕು. ಆಮೇಲೆ ಕಾರನ್ನು ಹೊತ್ತಿರುವುದು ಎಣ್ಣೆಯೂ ಅಲ್ಲ, ಹಗ್ಗವೂ ಅಲ್ಲ, ಬರೀ ಕಬ್ಬಿಣ. ಇದನ್ನು ಮಾಡದೆ, "ಐದು ನಿಮಿಷದ ಕೆಲಸ ಅಲ್ವಾ" ಎಂದು ಹಗ್ಗದ ಮೇಲೇ ಕಾರು ತೂಗಿಸಿಕೊಂಡು ಕೆಳಗೆ ಹೋಗುವವರಿದ್ದಾರೆ. ಹಗ್ಗ ಯಾವಾಗ ಹಾಕಿದ್ದು, ಎಳೆ ಹರಿದಿದೆಯೇ, ರಾಟೆಯ ಹತ್ತಿರ ತುಕ್ಕು ಹಿಡಿದಿದೆಯೇ? ಹಳೆಯ ಲಿಫ್ಟ್ ಮಾರಿದವನಿಗೂ ಗೊತ್ತಿರುವುದಿಲ್ಲ, ಕೊಂಡವನೂ ಕೇಳಿರುವುದಿಲ್ಲ.

ಇನ್ನು ನೆಲದ ವಿಚಾರ. ಅಸಲಿ ಗೋಳು ಇಲ್ಲೇ ಇರುವುದು.

"ನೆಲಾನಾ? ಏನಾಗಲ್ಲ ಬಿಡ್ರೀ ಅಣ್ಣಾರೆ, ಕಲ್ಲಿದ್ದಂಗೈತಿ. ಮನಿ ಕಟ್ಟುವಾಗ ಇದರ ಮ್ಯಾಲೆ ಇಟ್ಟಿಗಿ ಲಾರಿ ನಿಂತಿತ್ತು" — ಇದು ಗಾರೆ ಮೇಸ್ತ್ರಿಗಳ ಖಾಯಂ ಉತ್ತರ. ಲಾರಿ ನಿಂತಿದ್ದು ಅರ್ಧ ಗಂಟೆ, ಅಗಲವಾದ ಟಯರುಗಳ ಮೇಲೆ. ಕಂಬ ನಿಲ್ಲುವುದು ಹತ್ತು ವರ್ಷ, ಅಡಿ ಅಗಲದ ಒಂದು ತಗಡಿನ ಮೇಲೆ. ಲೆಕ್ಕ ಹಾಕಿ. ಲಿಫ್ಟಿನ ಕಬ್ಬಿಣವೇ ಏಳೆಂಟು ಕ್ವಿಂಟಾಲು. ಮೇಲೊಂದು ಇನ್ನೋವಾ ಹತ್ತಿಸಿದರೆ ಮತ್ತೆ ಹದಿನೇಳು-ಹದಿನೆಂಟು. ಎಂಜಿನ್ ಕಡೆಯ ಒಂದೊಂದು ಕಂಬಕ್ಕೆ ಏಳು ಕ್ವಿಂಟಾಲಿನಷ್ಟು ಬರುತ್ತದೆ. ಮಂಡಿಪೇಟೆಯ ವ್ಯಾಪಾರಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹದಿನಾಲ್ಕು ಸಿಮೆಂಟ್ ಚೀಲಗಳನ್ನು ಒಂದರ ಮೇಲೊಂದು, ಒಂದೇ ಅಡಿ ಜಾಗದಲ್ಲಿ ಪೇರಿಸಿದಂತೆ.

ಆ ಒಂದು ಅಡಿ ಜಾಗದ ಕೆಳಗೆ ಏನಿದೆ? ಈ ಕಡೆಯ ಮನೆಗಳಲ್ಲಿ ಕಾರು ನಿಲ್ಲಿಸುವ ಜಾಗದಡಿ ಸಾಮಾನ್ಯವಾಗಿ ಇರುವುದು ನೀರಿನ ಸಂಪು! ನಲ್ಲಿ ನೀರು ಬಂದಾಗ ತುಂಬಿಕೊಳ್ಳಲು ಗೇಟಿನ ಹತ್ತಿರವೇ ತೋಡಿರುತ್ತಾರೆ. ಮೇಲೆ ನಾಲ್ಕೈದು ಅಂಗುಲದ ಸ್ಲ್ಯಾಬ್, ಅದರ ಮೇಲೆ ಟೈಲ್ಸ್. ಮುಚ್ಚಳವೊಂದು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಆ ಸ್ಲ್ಯಾಬು ಕಾರಿನ ಚಕ್ರ ಹಾದುಹೋಗಲೆಂದು ಹಾಕಿದ್ದು, ಕಂಬ ನೆಡಲೆಂದು ಅಲ್ಲ. ಅದರ ಮೇಲೆ ಆಂಕರ್ ಬೋಲ್ಟಿಗೆಂದು ಮೂರ್ನಾಲ್ಕು ಅಂಗುಲ ಕೊರೆದರೆ ಡ್ರಿಲ್ಲಿನ ಬಾಯಿಗೆ ಒಂದೋ ಕಂಬಿ ಸಿಗುತ್ತದೆ, ಇಲ್ಲವೇ ಕೆಳಗೆ ನೀರು. ಸಂಪಿನ ಮೇಲೆ ಕಂಬ ಬರುವುದಾದರೆ ಅಲ್ಲಿ ಲಿಫ್ಟ್ ನಿಲ್ಲಿಸಲೇಬಾರದು. ಇದರಲ್ಲಿ ಚೌಕಾಸಿ ಇಲ್ಲ.

ಸಂಪು ಇಲ್ಲದಿದ್ದರೆ ಮಣ್ಣಿದೆ. ದಾವಣಗೆರೆ ಹತ್ತಿ ಗಿರಣಿಗಳ ಊರಾದದ್ದು ಸುತ್ತಲಿನ ಎರೆ ನೆಲದಲ್ಲಿ ಹತ್ತಿ ಬೆಳೆಯುತ್ತಿದ್ದುದರಿಂದ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲಿನ ತೆಳು ನೆಲವೂ ಅದರ ಜೊತೆಗೇ ಏರಿ ಇಳಿಯುತ್ತದೆ. ಯುಗಾದಿಗೆ ನೆಟ್ಟಗಿದ್ದ ಕಂಬ ದೀಪಾವಳಿಗೆ ವಾಲಿದರೆ ಕಂಬದ ತಪ್ಪೇನು? ಇನ್ನು ಭದ್ರಾ ನಾಲೆಯ ಭತ್ತದ ಗದ್ದೆಗಳನ್ನು ಲೇಔಟ್ ಮಾಡಿದ ಕಡೆ ಭರ್ತಿ ಮಣ್ಣು. ದಿಮ್ಮಸು ಸರಿಯಾಗಿ ಬೀಳದೆ ಒಳಗೆ ಪೊಳ್ಳು.

ವಿದೇಶದ ಲಿಫ್ಟ್ ಕಂಪನಿಗಳು ತಮ್ಮ ಪುಸ್ತಕದಲ್ಲಿ ಸಾಮಾನ್ಯವಾಗಿ ಕೇಳುವುದು ಕನಿಷ್ಠ ನಾಲ್ಕು ಅಂಗುಲ ದಪ್ಪದ, ಚದರ ಅಂಗುಲಕ್ಕೆ 3,000 ಪೌಂಡ್ ಒತ್ತಡ ತಾಳುವ ಕಾಂಕ್ರೀಟ್. ಇಲ್ಲಿನ ಎಂಜಿನಿಯರುಗಳ ಭಾಷೆಯಲ್ಲಿ ಎಂ-25ರ ಆಸುಪಾಸು. ಅದೂ ಗಟ್ಟಿ ಮಣ್ಣಿನ ಮೇಲೆ. ಎರೆ ನೆಲವಾದರೆ ಮಣ್ಣು ತೋಡಿ ತೆಗೆದು, ಮೊರಂ ತುಂಬಿ, ಒಂದೊಂದು ಪದರಕ್ಕೂ ನೀರು ಹಾಕಿ ದಿಮ್ಮಸು ಹೊಡೆದು, ಕಂಬಿ ಕಟ್ಟಿ ದಪ್ಪವಾಗಿಯೇ ಹಾಕಬೇಕು. ಎಷ್ಟು ಆಳ, ಎಷ್ಟು ದಪ್ಪ ಎಂಬುದನ್ನು ಮಣ್ಣು ನೋಡಿದ ಎಂಜಿನಿಯರ್ ಹೇಳಬೇಕೇ ಹೊರತು ಚಹಾದಂಗಡಿಯ ಗೆಳೆಯರಲ್ಲ. ಹಾಕಿದ ಮೇಲೆ 28 ದಿನ ಕಾಯಬೇಕು. ಈ 28 ದಿನವೇ ಬಹಳ ಮಂದಿಗೆ ನುಂಗಲಾರದ ತುತ್ತು. ಲಕ್ಷಗಟ್ಟಲೆ ಕೊಟ್ಟು ಯಂತ್ರ ತಂದವರು, ನಾಲ್ಕು ವಾರ ನೀರು ಹಾಯಿಸಿಕೊಂಡು ಸುಮ್ಮನೆ ಕೂರಲು ಒಪ್ಪುವುದಿಲ್ಲ.

ಮಟ್ಟ ಮಾಡುವುದರಲ್ಲೂ ಇದೇ ಅವಸರ. ಕಾರು ತೊಳೆದ ನೀರು ಹರಿಯಲಿ ಎಂದು ಪೋರ್ಟಿಕೋ ನೆಲವನ್ನು ಗೇಟಿನ ಕಡೆಗೆ ಇಳಿಜಾರಾಗಿಯೇ ಮಾಡಿರುತ್ತಾರೆ. ಆ ಉದ್ದಕ್ಕೆ ಒಂದೆರಡು ಅಂಗುಲ ವ್ಯತ್ಯಾಸ ಬಂದೇ ಬರುತ್ತದೆ. ಅಂಥ ಕಡೆ ಒಡೆದ ಟೈಲ್ಸ್ ಚೂರು, ಪ್ಲೈವುಡ್ ತುಂಡು ತುರುಕಿ "ಲೆವಲ್ ಆಯ್ತು" ಎನ್ನುವುದುಂಟು. ಪ್ಯಾಕಿಂಗ್ ಎಂದರೆ ಉಕ್ಕಿನ ತಗಡು, ಕಂಬದ ಪಾದದ ಅಡಿಗೆ ಪೂರ್ತಿ ಕೂರಬೇಕು. ಅರ್ಧ ಅಂಗುಲದ ಮೇಲೆ ಬೇಕಾಯಿತೆಂದರೆ ಪ್ಯಾಕಿಂಗಿನ ಮಾತು ಬಿಟ್ಟು ನೆಲವನ್ನೇ ಹೊಸದಾಗಿ ಹಾಕಬೇಕು. ಪಾದ ಕೂರುವಲ್ಲಿ ಟೈಲ್ಸ್ ಕತ್ತರಿಸಿ ತೆಗೆದು ಕಾಂಕ್ರೀಟಿನ ಮೇಲೇ ಕೂರಿಸಬೇಕು. ಬಿರುಕಿನ ಪಕ್ಕ, ಸ್ಲ್ಯಾಬಿನ ಅಂಚಿಗೆ ಬೋಲ್ಟ್ ಹೊಡೆಯಬಾರದು. ಗಾರೆಯವರ ತೂಕದ ಗುಂಡು ಇಳಿಬಿಟ್ಟು ನಾಲ್ಕೂ ಕಂಬ ನೆಟ್ಟಗಿವೆಯೇ ನೋಡಬೇಕು. ಆಮೇಲೆ ನೀರಿನ ಪೈಪು ಹಿಡಿದು ನಾಲ್ಕು ಕಂಬಗಳ ಲಾಕುಗಳೂ ಒಂದೇ ಎತ್ತರಕ್ಕಿವೆಯೇ ಎಂದು ನೋಡಬೇಕು. ಮೂರು ಲಾಕು ಕೂತು ನಾಲ್ಕನೆಯದು ತೂಗುತ್ತಿದ್ದರೆ ಲಿಫ್ಟ್ ಕುಂಟು ಮಂಚದಂತೆ ಆಡುತ್ತದೆ. ಕೆಳಗಿನಿಂದ ಬಿಗಿಯಾದ ನಟ್ಟಿಗೆ ಸ್ಪ್ಯಾನರ್ ಹಾಕಿ ಎಳೆದಾಗ ಅದು ಗೊತ್ತಾಗುತ್ತದೆ, ಆದರೆ ಆಗ ಹುಡುಗ ಕೆಳಗಿರುತ್ತಾನೆ.

ನಾಲ್ಕು ಕಂಬದ್ದು ತಾನಾಗಿಯೇ ನಿಲ್ಲುತ್ತದೆ, ಬೋಲ್ಟ್ ಬೇಡ ಎಂಬ ವಾದವೂ ಇದೆ. ಎರಡು ಕಂಬದ ಲಿಫ್ಟಿಗೆ ಬೋಲ್ಟೇ ಪ್ರಾಣ, ನಾಲ್ಕರದಕ್ಕೆ ಅಷ್ಟಿಲ್ಲ, ನಿಜ. ಕೆಲವು ಕಂಪನಿಗಳು ಕಾರು ನಿಲ್ಲಿಸಿಡಲು ಬೋಲ್ಟಿಲ್ಲದೆಯೂ ಒಪ್ಪುತ್ತವೆ. ಆದರೆ ಕೆಲಸ ಮಾಡುವ ಗ್ಯಾರೇಜಿನಲ್ಲಿ, ದಿನವಿಡೀ ತಳ್ಳಾಟ ಎಳೆದಾಟ ಇರುವಲ್ಲಿ, ನಾಲ್ಕು ಬೋಲ್ಟಿನ ಖರ್ಚು ಉಳಿಸುವುದು ಎಂಥ ಜಾಣತನ? ಅದರ ಬದಲು ಕಂಬವನ್ನು ಮನೆಯ ಗೋಡೆಗೆ, ಶೀಟಿನ ತೊಲೆಗೆ ತಂತಿ ಬಿಗಿದು ಕಟ್ಟುವುದು ಇನ್ನೂ ಕೆಟ್ಟದ್ದು. ಗೋಡೆ ಇರುವುದು ಕಾರು ಹೊರಲಿಕ್ಕಲ್ಲ.

ಕರೆಂಟಿನ ಕಾಟ ಬೇರೆ. ಲಾಕಿನ ಮೇಲೆ ಕೂತ ಲಿಫ್ಟನ್ನು ಇಳಿಸಬೇಕಾದರೆ ಮೊದಲು ಒಂದಿಷ್ಟು ಏರಿಸಿ ಲಾಕು ಬಿಡಿಸಬೇಕು. ಏರಿಸಲು ಮೋಟಾರು ಬೇಕು. ಕರೆಂಟ್ ಹೋಯಿತೆಂದರೆ ಕಾರು ಅಲ್ಲೇ. ಗಿರಾಕಿ ಅವಸರ ಮಾಡುತ್ತಾನೆ, ಉಸ್ತಾದ್ ರಾಡು ಹಾಕಿ ಲಾಕು ಎತ್ತಲು ನೋಡುತ್ತಾರೆ. ಯಾರೂ ಹಾಗೆ ಮಾಡಬಾರದು. ಗಿರಾಕಿಯೇ ಆಟೋ ಹಿಡಿದು ಮನೆಗೆ ಹೋಗಲಿ.

ಅಮೆರಿಕದಲ್ಲಿ ಆಟೋಮೋಟಿವ್ ಲಿಫ್ಟ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಲಿಫ್ಟುಗಳನ್ನು ಪರೀಕ್ಷೆ ಮಾಡಿಸಿ ಚೀಟಿ ಅಂಟಿಸುತ್ತದೆ. ಬಲ್ಲವರಿಂದ ವರ್ಷಕ್ಕೊಮ್ಮೆಯಾದರೂ ತಪಾಸಣೆ ಆಗಬೇಕೆಂಬುದು ಅಲ್ಲಿನ ಪದ್ಧತಿ. ಇಲ್ಲಿ ಮನೆ ಕಾಂಪೌಂಡಿನೊಳಗೆ ಬಂದು ನೋಡುವವನು ಕರೆಂಟ್ ಮೀಟರಿನವನು ಒಬ್ಬನೇ! ಪಾಲಿಕೆಗೆ ಕೊಟ್ಟ ನಕ್ಷೆಯಲ್ಲಿ 'ಕಾರ್ ಪಾರ್ಕಿಂಗ್' ಎಂದು ಒಂದು ಚೌಕ ಇರುತ್ತದೆ, ಅದರಲ್ಲಿ ಮುಂದೆ ಏನು ನಿಲ್ಲುತ್ತದೆ ಎಂದು ಯಾರೂ ಕೇಳುವುದಿಲ್ಲ. ಮಾರುವವರು "ಮಷೀನ್ ನಮ್ಮದು, ನೆಲ ನಿಮ್ಮದು" ಎಂದು ಕೈ ತೊಳೆದುಕೊಳ್ಳುತ್ತಾರೆ. ಇದು ಸರಿಯಲ್ಲ. ಯಂತ್ರ ಮಾರಿ ದುಡ್ಡೆಣಿಸಿಕೊಳ್ಳುವವರು ನೆಲ ನೋಡಿ, ಸಂಪು ಎಲ್ಲಿದೆ ಎಂದು ಕೇಳಿ, ಬರೆದು ಸಹಿ ಹಾಕಿದ ಮೇಲೆಯೇ ಕಂಬ ಇಳಿಸಬೇಕು. ಹಳೆಯ ಮಾಲಾದರೆ ಹೊಸ ಹಗ್ಗ ಹಾಕಿಯೇ ಕೊಡಬೇಕು. ಹಾಗೆ ಕೊಡದವರ ಹತ್ತಿರ ಉಸ್ತಾದರು ಕೊಳ್ಳಬಾರದು.

ಕಾರೇ ಇಲ್ಲದವರಿಗೆ ಇದೆಲ್ಲ ಯಾಕೆ ಎನ್ನಬಹುದು. ಬೆಳಗಿನ ಹರಿಹರದ ಬಸ್ಸಿನಲ್ಲಿ, ಹಳ್ಳಿಗಳಿಂದ ಬರುವ ಬಸ್ಸುಗಳಲ್ಲಿ, ಉಗುರಿನ ಸಂದಿಯಲ್ಲಿ ಕರಿ ಎಣ್ಣೆ ಮೆತ್ತಿದ ಹುಡುಗರು ಟಿಫನ್ ಡಬ್ಬಿ ಹಿಡಿದು ನಿಂತಿರುತ್ತಾರೆ. ಕಾರಿನ ಕೆಳಗೆ ನಿಲ್ಲುವವರು ಅವರೇ. ಇನ್ನು ಅಂಗಡಿಯವರ ಟಾಟಾ ಏಸ್ ಗಾಡಿಯೂ ರಿಪೇರಿಗೆ ಬಂದರೆ ಇದೇ ಲಿಫ್ಟ್ ಹತ್ತುತ್ತದೆ. ಗಾಡಿ ಬಿಡುವ ಮುನ್ನ ಅಂಗಡಿಯವರು "ಎಷ್ಟಾಗುತ್ತೆ" ಎಂದು ಕೇಳುತ್ತಾರಲ್ಲ, ಅದರ ಜೊತೆಗೆ ಇನ್ನೆರಡು ಮಾತು ಕೇಳಿದರೆ ಉಸ್ತಾದರೇನೂ ಬೇಜಾರು ಮಾಡಿಕೊಳ್ಳಲಿಕ್ಕಿಲ್ಲ: "ನಾಲ್ಕೂ ಲಾಕು ಕೂತಿವೆಯಾ? ಮನೆ ಸಂಪು ಎಲ್ಲೈತಿ?"