ಟೈರಿನ ಮೇಲಿನ ಬರಹವನ್ನೂ ಓದೋಣ

ರೋಹಿಣಿ ಮಳೆ ಹನಿಯುವ ಹೊತ್ತಿಗೆ ಮಲೆನಾಡಿನ ಅಡಿಕೆ ಬೆಳೆಗಾರರ ಮನೆಗಳಲ್ಲಿ ಮಳೆಗಾಲದ ಸಿದ್ಧತೆ ಮುಗಿಯುತ್ತ ಬಂದಿರುತ್ತದೆ. ಕಟ್ಟಿಗೆ ಕೊಟ್ಟಿಗೆ ಸೇರಿರುತ್ತದೆ, ಬಸಿಗಾಲುವೆಯ ಹೂಳು ತೆಗೆದಾಗಿರುತ್ತದೆ, ಕೊಳೆರೋಗಕ್ಕೆ ಬೇಕಾದ ಮೈಲುತುತ್ತ ಮತ್ತು ಸುಣ್ಣ ಮನೆಗೆ ಬಂದಿರುತ್ತವೆ. ತಯಾರಾದ ದಿನಾಂಕ ನೋಡದೆ ಔಷಧಿಯ ಡಬ್ಬಿಯನ್ನು, ಚೀಟಿ ಓದದೆ ಬಿತ್ತನೆ ಭತ್ತದ ಚೀಲವನ್ನು ಕೊಳ್ಳುವವರು ನಮ್ಮಲ್ಲಿ ಈಗ ಕಡಿಮೆ. ಆದರೆ ಅವೆಲ್ಲವನ್ನೂ ಪೇಟೆಯಿಂದ ಹೊತ್ತು ತಂದ ಜೀಪಿನ ಟೈರಿನ ಮೇಲೆ ಏನು ಬರೆದಿದೆ ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ. ಅದೇ ಜೀಪಿನಲ್ಲಿ ನಮ್ಮ ಮಕ್ಕಳು ಶಾಲೆಗೆ ಹೋಗುತ್ತಾರೆ, ಬಾಣಂತಿಯರು ಆಸ್ಪತ್ರೆಯಿಂದ ಮನೆಗೆ ಬರುತ್ತಾರೆ.

ಪರಿಸರದ ಪತ್ರಿಕೆಯಲ್ಲಿ ಟೈರಿನ ಮಾತೇಕೆ ಎಂದು ಕೆಲವು ಗೆಳೆಯರು ಹುಬ್ಬೇರಿಸಬಹುದು. ವಾಹನಗಳನ್ನೇ ಕಡಿಮೆ ಮಾಡಿರೆಂದು ಹೇಳಬೇಕಾದವರು ಅವುಗಳ ಪಾಲನೆಯ ಪಾಠ ಹೇಳುವುದು ಸರಿಯೇ ಎಂಬ ಪ್ರಶ್ನೆಯಲ್ಲಿ ತಿರುಳಿಲ್ಲದಿಲ್ಲ. ಹಳ್ಳಿಹಳ್ಳಿಗೆ ಸರ್ಕಾರಿ ಬಸ್ಸು ಬರಬೇಕೆಂಬ ನಮ್ಮ ಬೇಡಿಕೆ ಇಂದಿಗೂ ನ್ಯಾಯವಾದದ್ದೇ. ಆದರೆ ಬಸ್ಸು ಬಾರದ ಊರಿನಲ್ಲಿ ಜೀಪು ವಿಲಾಸದ ವಸ್ತುವಲ್ಲ. ಅದು ಇರುವವರೆಗೆ ಹೇಗಿರಬೇಕು ಎಂಬುದೂ ನಮ್ಮ ಚಿಂತನೆಯ ಭಾಗವಾಗಬೇಕು.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಘಾಟಿಯಲ್ಲಿ ಒಂದು ವಾಹನ ಜಾರಿ ಕಂದಕಕ್ಕೆ ಉರುಳಿದ ಮರುದಿನವೇ ‘ರಸ್ತೆ ಅಗಲ ಮಾಡಿ, ತಿರುವು ನೇರ ಮಾಡಿ’ ಎಂಬ ಕೂಗು ಏಳುತ್ತದೆ. ಅದರ ಹಿಂದೆಯೇ ಮರಗಳಿಗೆ ನಂಬರು ಹಾಕುವವರು ಬರುತ್ತಾರೆ. ಅವರ ಹಿಂದೆ ಗುಡ್ಡ ಕಡಿಯುವ ಯಂತ್ರಗಳು ಬರುತ್ತವೆ. ಕಡಿದಾಗಿ ಕತ್ತರಿಸಿದ ಗುಡ್ಡ ಮಳೆನೀರು ಕುಡಿದು ಜರಿದರೆ ಏನಾಗುವುದೆಂಬುದನ್ನು 2024ರ ಜುಲೈಯಲ್ಲಿ ಸಕಲೇಶಪುರದ ಬಳಿಯ ಹೆದ್ದಾರಿಯಲ್ಲಿ ನಾವೆಲ್ಲ ಕಂಡಿದ್ದೇವೆ. ರಸ್ತೆಯ ದೋಷದಿಂದಾಗುವ ಅಪಘಾತಗಳು ಇಲ್ಲವೆಂದಲ್ಲ. ಆದರೆ ಸವೆದ ಟೈರು, ಕಾದ ಬ್ರೇಕು, ಮಿತಿಮೀರಿದ ಹೊರೆ ಇವುಗಳ ತಪ್ಪನ್ನು ತಿರುವಿನ ಮೇಲೆ, ತಿರುವಿನಲ್ಲಿರುವ ಮರದ ಮೇಲೆ ಹೊರಿಸುವುದು ಅನ್ಯಾಯ. ಕಾಡು ಉಳಿಯಲಿ ಎನ್ನುವವರು ಮೊದಲು ತಮ್ಮ ವಾಹನವನ್ನು ಘಾಟಿಗೆ ತಕ್ಕಂತೆ ಇಟ್ಟುಕೊಳ್ಳಬೇಕು ಎಂಬುದು ನನ್ನ ವಾದ.

ಓದುವುದನ್ನು ಟೈರಿನ ಮಗ್ಗುಲಿನಿಂದ ಆರಂಭಿಸೋಣ. ಅಲ್ಲಿ ‘165/80 ಆರ್ 14 85 ಟಿ’ ಎಂಬಂತಹ ಒಂದು ಸಾಲು ಇರುತ್ತದೆ. 165 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 80 ಎಂದರೆ ಮಗ್ಗುಲಿನ ಎತ್ತರವು ಆ ಅಗಲದ ಶೇಕಡಾ 80, ಅಂದರೆ 132 ಮಿಲಿಮೀಟರು. ಆರ್ ಅಕ್ಷರವು ರೇಡಿಯಲ್ ಮಾದರಿಯನ್ನು ಸೂಚಿಸುತ್ತದೆ. 14 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. 85 ಎಂಬುದು ಹೊರೆಯ ಸಂಕೇತ. ಅದು 85 ಕಿಲೋ ಅಲ್ಲ, ಕೋಷ್ಟಕದ ಪ್ರಕಾರ ಒಂದು ಟೈರು ಹೊರಬಲ್ಲ 515 ಕಿಲೋ. ಕೊನೆಯ ಟಿ ಅಕ್ಷರವು ಗಂಟೆಗೆ 190 ಕಿಲೋಮೀಟರಿನ ವೇಗಮಿತಿಯನ್ನು ಹೇಳುತ್ತದೆ. ನಮ್ಮ ತಿರುವುಗಳಲ್ಲಿ ಆ ವೇಗದ ಪ್ರಶ್ನೆಯೇ ಏಳದು. ನಮಗೆ ಮುಖ್ಯವಾದದ್ದು ಹೊರೆಯ ಲೆಕ್ಕ. ನಾಲ್ಕು ಟೈರುಗಳಿಂದ 2,060 ಕಿಲೋ ಎಂದಾಯಿತು. ಆದರೆ ಅದರಲ್ಲಿ ವಾಹನದ ಸ್ವಂತ ತೂಕವೂ ಸೇರಿದೆ, ಮತ್ತು ಟೈರಿನಲ್ಲಿ ಸರಿಯಾದ ಗಾಳಿ ಇದ್ದಾಗ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ವಾಹನದ ನೋಂದಣಿ ಪತ್ರದಲ್ಲಿರುವ ಮಿತಿಯನ್ನಂತೂ ಟೈರು ಎಷ್ಟೇ ಗಟ್ಟಿಯಾಗಿದ್ದರೂ ಮೀರುವಂತಿಲ್ಲ. ಕೊಯ್ಲಿನ ಕಾಲದಲ್ಲಿ ಸರಕಿನ ಪಿಕಪ್ಪಿನಲ್ಲಿ ಕೂಲಿಯವರನ್ನು ಕುರಿಗಳಂತೆ ತುಂಬಿ ಕಳುಹಿಸುವ ತೋಟದ ಮಾಲೀಕರು ಈ ಸಂಖ್ಯೆಗಳನ್ನು ಒಮ್ಮೆ ಓದಬೇಕು. ಅದು ಕಾನೂನಿಗೆ ವಿರುದ್ಧ. ಅದಕ್ಕಿಂತ ಮಿಗಿಲಾಗಿ ಮನುಷ್ಯತ್ವಕ್ಕೆ ವಿರುದ್ಧ.

ಅದೇ ಮಗ್ಗುಲಿನಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಆರಂಭವಾಗುವ ಸಂಕೇತವನ್ನು ಹುಡುಕಿರಿ. ಅದರ ಕೊನೆಯ ನಾಲ್ಕು ಅಂಕಿಗಳೇ ಟೈರಿನ ಜನ್ಮಪತ್ರಿಕೆ. 3219 ಎಂದಿದ್ದರೆ ಅದು 2019ನೆಯ ಇಸವಿಯ 32ನೆಯ ವಾರದಲ್ಲಿ ತಯಾರಾದದ್ದು. ಟೈರಿನ ಒಂದು ಮಗ್ಗುಲಿನಲ್ಲಿ ಈ ಅಂಕಿಗಳು ಕಾಣದಿದ್ದರೆ ಇನ್ನೊಂದು ಮಗ್ಗುಲಿನಲ್ಲಿ ಇರುತ್ತವೆ. ಹಳ್ಳಿಯ ಅನೇಕ ವಾಹನಗಳು ವರ್ಷಕ್ಕೆ ಓಡುವ ದೂರ ಕಡಿಮೆ. ಆದ್ದರಿಂದ ಟೈರು ಸವೆಯುವುದಿಲ್ಲ, ಆದರೆ ಮುದಿಯಾಗುತ್ತದೆ. ಬಿಸಿಲು, ಶಾಖ, ಗಾಳಿಯಲ್ಲಿನ ಓಝೋನ್ ಇವು ರಬ್ಬರನ್ನು ಗಡುಸಾಗಿಸಿ ಬಿರುಕು ಬಿಡಿಸುತ್ತವೆ. ಹಳೆಯ ಬೀಜ ನೋಡಲು ದುಂಡಗಿದ್ದರೂ ಮೊಳೆಯದಿರುವಂತೆ ಹಳೆಯ ಟೈರು ನೋಡಲು ಚೆನ್ನಾಗಿದ್ದರೂ ನೆಚ್ಚುವಂತಿರುವುದಿಲ್ಲ. ಐದು ವರ್ಷ ಕಳೆದ ಮೇಲೆ ಪ್ರತಿವರ್ಷ ತಿಳಿದವರಿಂದ ಪರೀಕ್ಷೆ ಮಾಡಿಸಬೇಕು. ಹತ್ತು ವರ್ಷವಾದರೆ ಸ್ಟೆಪ್ನಿಯನ್ನೂ ಸೇರಿಸಿ ಬದಲಿಸಬೇಕು. ಹೊಸ ಟೈರು ಕೊಳ್ಳುವಾಗಲೂ ಈ ನಾಲ್ಕು ಅಂಕಿಗಳನ್ನು ಮತ್ತು ಐಎಸ್‌ಐ ಗುರುತನ್ನು ನೋಡಿಯೇ ಹಣ ಕೊಡಬೇಕು.

ಇನ್ನು ಸವೆತದ ಮಾತು. ಟೈರಿನ ಗೀರುಗಳ ಆಳದಲ್ಲಿ ಅಲ್ಲಲ್ಲಿ ಸಣ್ಣ ದಿಣ್ಣೆಗಳಿರುತ್ತವೆ. ಅವುಗಳ ಎತ್ತರ 1.6 ಮಿಲಿಮೀಟರು. ಟೈರಿನ ಮೈ ಸವೆದು ಆ ದಿಣ್ಣೆಗಳ ಮಟ್ಟಕ್ಕೆ ಬಂದರೆ ಕಾರಿನ ಟೈರಿನ ಆಯುಷ್ಯ ಮುಗಿಯಿತೆಂದೇ ಅರ್ಥ. ರಸ್ತೆಯ ನೀರನ್ನು ಪಕ್ಕಕ್ಕೆ ತಳ್ಳಿ ರಬ್ಬರು ನೆಲ ಮುಟ್ಟುವಂತೆ ಮಾಡುವುದೇ ಗೀರುಗಳ ಕೆಲಸ. ಗೀರಿಲ್ಲದ ಟೈರು ನೀರಿನ ಪದರದ ಮೇಲೆ ತೇಲಿ ಜಾರುತ್ತದೆ. ಆಗುಂಬೆಯ ಮಳೆಯಲ್ಲಿ ಓಡಾಡುವವರು 1.6 ಮಿಲಿಮೀಟರಿನವರೆಗೆ ಕಾಯದಿರುವುದೇ ಒಳ್ಳೆಯದು. ಸವೆದ ಟೈರಿಗೆ ಬ್ಲೇಡಿನಿಂದ ಹೊಸ ಗೀರು ಕೊರೆದು ಮಾರುವವರೂ ಇದ್ದಾರೆ. ಹಾಗೆ ಕೊರೆದಾಗ ಒಳಗಿನ ತಂತಿಯ ಮೇಲಿರುವ ರಬ್ಬರು ಇನ್ನಷ್ಟು ತೆಳುವಾಗುತ್ತದೆ. ಅಗ್ಗವೆಂದು ಅದನ್ನು ಕೊಳ್ಳಬಾರದು.

ಸವೆದ ರೀತಿಯೂ ರೋಗಲಕ್ಷಣವನ್ನು ಹೇಳುತ್ತದೆ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿದೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಿದೆ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ಎಷ್ಟು ಗಾಳಿ ಇರಬೇಕೆಂಬುದನ್ನು ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಅಥವಾ ವಾಹನದ ಕೈಪಿಡಿಯಲ್ಲಿ ನೋಡಬೇಕು. ಟೈರಿನ ಮೇಲೆ ಅಚ್ಚಾಗಿರುವ ಒತ್ತಡವು ಗರಿಷ್ಠ ಮಿತಿ. ಅಷ್ಟು ತುಂಬಬೇಕೆಂದು ಅದರ ಅರ್ಥವಲ್ಲ. ವಾಹನ ಓಡಿಸುವ ಮೊದಲು, ಟೈರು ತಣ್ಣಗಿರುವಾಗ, ಹದಿನೈದು ದಿನಕ್ಕೊಮ್ಮೆಯಾದರೂ ಅಳೆಯಬೇಕು. ಒತ್ತಡ ಒಂದು ಪಿಎಸ್‌ಐ ಕುಸಿದರೆ ಇಂಧನದ ಮಿತವ್ಯಯ ಸುಮಾರು ಶೇಕಡಾ 0.2ರಷ್ಟು ತಗ್ಗುತ್ತದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಹನಿಹನಿಯಾಗಿ ಸೇರಿದರೆ ಇದು ಸಣ್ಣ ನಷ್ಟವಲ್ಲ.

ಬ್ರೇಕಿನ ವಿಷಯದಲ್ಲಿ ಮಲೆನಾಡಿಗೆ ವಿಶೇಷ ಎಚ್ಚರ ಬೇಕು. ಬ್ರೇಕ್ ಆಯಿಲ್ ಗಾಳಿಯಿಂದ ತೇವವನ್ನು ಹೀರಿಕೊಳ್ಳುವ ದ್ರವ. ತೇವ ಸೇರಿದಷ್ಟೂ ಅದು ಬೇಗ ಕುದಿಯುತ್ತದೆ. ದೀರ್ಘ ಇಳಿಜಾರಿನಲ್ಲಿ ಬ್ರೇಕು ಒತ್ತಿಯೇ ಇಳಿದರೆ ಶಾಖಕ್ಕೆ ದ್ರವ ಕುದಿದು ಆವಿಯಾಗುತ್ತದೆ. ಆಗ ಪೆಡಲು ಒತ್ತಿದರೂ ಬ್ರೇಕು ಹಿಡಿಯುವುದಿಲ್ಲ. ಆದ್ದರಿಂದ ಸುಮಾರು ಎರಡು ವರ್ಷಕ್ಕೊಮ್ಮೆ, ಕೈಪಿಡಿಯಲ್ಲಿ ಹೇಳಿದಂತೆ, ಅದನ್ನು ಪೂರ್ತಿಯಾಗಿ ಬದಲಿಸಬೇಕು. ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬ ಹಳೆಯ ಚಾಲಕರ ಮಾತು ಇಂದಿಗೂ ಸತ್ಯ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ಲಿನಲ್ಲಿ ಘಾಟಿ ಇಳಿಯುವುದು ಪ್ರಾಣದೊಡನೆ ಆಡುವ ಜೂಜು.

ಇಷ್ಟೆಲ್ಲ ಪಾಲನೆ ಮಾಡಿದ ಮೇಲೆ ಉಳಿಯುವ ಕಸ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಪರಿಸರವಾದಿಗೆ ಸಹಜವಾಗಿ ಬರಬೇಕು. ಎಂಜಿನ್ನಿನಿಂದ ತೆಗೆದ ಕಪ್ಪು ಆಯಿಲನ್ನು ಬೇಲಿಯ ಗೂಟಕ್ಕೆ, ಕೊಟ್ಟಿಗೆಯ ಕಂಬಕ್ಕೆ ಗೆದ್ದಲು ಹತ್ತದಿರಲೆಂದು ಬಳಿಯುವ ರೂಢಿ ನಮ್ಮಲ್ಲಿದೆ. ಮಣ್ಣಿನ ವಿಷಯ ಓದಿದ ನಾನೂ ಹಿಂದೆ ಇದನ್ನು ಮಾಡಿದವನೇ ಎಂದು ಒಪ್ಪಿಕೊಳ್ಳಲು ಸಂಕೋಚಪಡುವುದಿಲ್ಲ. ಆ ಎಣ್ಣೆಯಲ್ಲಿ ಎಂಜಿನ್ನು ಸವೆದ ಲೋಹದ ಕಣಗಳೂ ಕ್ಯಾನ್ಸರ್‌ಕಾರಕ ಹೈಡ್ರೋಕಾರ್ಬನ್ನುಗಳೂ ಇರುತ್ತವೆ. ಮೊದಲ ಮಳೆಗೆ ಅದು ಗೂಟದಿಂದ ಮಣ್ಣಿಗೆ, ಮಣ್ಣಿನಿಂದ ಹಳ್ಳಕ್ಕೆ ಇಳಿಯುತ್ತದೆ. ಒಮ್ಮೆ ಬದಲಿಸಿ ತೆಗೆದ ಆಯಿಲ್ ಹತ್ತು ಲಕ್ಷ ಗ್ಯಾಲನ್, ಅಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ. ಗೂಟದ ಬುಡವನ್ನು ಸುಟ್ಟು ಕರಿಕಾಗಿಸಿ ನೆಡುವ ಹಿರಿಯರ ಕ್ರಮ ಇದಕ್ಕಿಂತ ಎಷ್ಟೋ ಮೇಲು.

ಟೈರಿನ ಸವೆದ ಭಾಗವೂ ಮಾಯವಾಗುವುದಿಲ್ಲ. ಧೂಳಾಗಿ ರಸ್ತೆಯಲ್ಲಿ ಉಳಿದು ಮೋರಿಯ ನೀರಿನೊಡನೆ ಹೊಳೆ ಸೇರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಮಳೆ ಬಂದೊಡನೆ ಕೋಹೊ ಸಾಲ್ಮನ್ ಮೀನುಗಳು ಮೊಟ್ಟೆಯಿಡುವ ಮುನ್ನವೇ ಸಾಯುತ್ತಿದ್ದುದು ಬಹುಕಾಲ ಒಗಟಾಗಿತ್ತು. 2020ರ ಡಿಸೆಂಬರಿನಲ್ಲಿ ವಿಜ್ಞಾನಿಗಳು ಕಾರಣವನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ರಬ್ಬರು ಬಿರುಕು ಬಿಡದಿರಲೆಂದು ಟೈರಿಗೆ ಸೇರಿಸುವ 6ಪಿಪಿಡಿ ಎಂಬ ರಾಸಾಯನಿಕವು ಓಝೋನಿನೊಡನೆ ವರ್ತಿಸಿ 6ಪಿಪಿಡಿ-ಕ್ವಿನೋನ್ ಎಂಬ ವಿಷವಾಗುತ್ತಿತ್ತು. ಚಮ್ ಎಂಬ ಇನ್ನೊಂದು ಜಾತಿಯ ಸಾಲ್ಮನ್ ಅದರಿಂದ ಸಾಯಲಿಲ್ಲ. ಆದುದರಿಂದ ಶೃಂಗೇರಿಯ ತುಂಗೆಯ, ಶಿಶಿಲದ ಕಪಿಲೆಯ ದೇವರ ಮೀನುಗಳಿಗೂ ಅದೇ ಗತಿ ಎಂದು ಹೆದರಿಸುವುದು ವಿಜ್ಞಾನವಾಗದು. ಆದರೆ ಸರಿಯಾದ ಗಾಳಿ ಮತ್ತು ಅಲೈನ್‌ಮೆಂಟ್‌ನಿಂದ ಸವೆತ ಕಡಿಮೆಯಾಗುತ್ತದೆ, ಸವೆತ ಕಡಿಮೆಯಾದಷ್ಟೂ ಹೊಳೆಗೆ ಸೇರುವ ಧೂಳು ಕಡಿಮೆಯಾಗುತ್ತದೆ ಎಂಬುದರಲ್ಲಿ ಸಂದೇಹವಿಲ್ಲ.

ಹಿತ್ತಲಿಗೆ ಎಸೆದ ಹಳೆಯ ಟೈರಿನ ಕಥೆಯಂತೂ ಎಲ್ಲರಿಗೂ ಗೊತ್ತು. ಅದರಲ್ಲಿ ನಿಂತ ಒಂದು ಬೊಗಸೆ ಮಳೆನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಸಾಕು. ಅದರ ಮೊಟ್ಟೆಗಳು ನೀರಾರಿದ ಮೇಲೂ ತಿಂಗಳುಗಟ್ಟಲೆ ಬದುಕಿರುತ್ತವೆ. ನಮ್ಮ ರಾಜ್ಯವು 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ಚಳಿ ಕಾಯಿಸಲು ಟೈರು ಸುಡುವುದು ಇದಕ್ಕೆ ಪರಿಹಾರವಲ್ಲ. ಆ ಹೊಗೆ ಇನ್ನೊಂದು ರೋಗದ ದಾರಿ.

ಕಾನೂನು ಮಲಗಿಲ್ಲ. ಹಳೆಯ ಟೈರುಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ ನಿಯಮ 2022ರಲ್ಲಿ ಬಂದಿತು. ಬಳಸಿದ ಆಯಿಲ್‌ಗೆ ಅಂತಹುದೇ ನಿಯಮ 2023ರಲ್ಲಿ ಪ್ರಕಟವಾಯಿತು. ಆದರೆ ಆ ಹೊಣೆ ಘಾಟಿ ಹತ್ತಿ ನಮ್ಮ ಊರಿನ ಗ್ಯಾರೇಜಿನವರೆಗೆ ಬರಬೇಕಾದರೆ ಇಲ್ಲಿ ಸಂಗ್ರಹದ ವ್ಯವಸ್ಥೆ ಇರಬೇಕು. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಬಳಸಿದ ಆಯಿಲ್‌ಗೆ ಒಂದು ಮುಚ್ಚಳದ ಪೀಪಾಯಿ, ಹಳೆಯ ಟೈರಿಗೆ ಮಳೆ ಬೀಳದ ಒಂದು ಮಾಡು ಸಿದ್ಧವಾಗಲಿ. ಅಧಿಕೃತ ಮರುಬಳಕೆದಾರರು ಅಲ್ಲಿಂದ ಒಯ್ಯಲಿ. ಗ್ರಾಮಸಭೆಯಲ್ಲಿ ಇದನ್ನು ಕೇಳುವ ಹಕ್ಕು ನಮಗಿದೆ.

ಬಾಡಿಗೆ ಜೀಪು ಓಡಿಸಿ ಸಂಸಾರ ನಡೆಸುವವನಿಗೆ ನಾಲ್ಕು ಟೈರುಗಳ ಬೆಲೆ ಸಣ್ಣ ಹೊರೆಯಲ್ಲ ಎಂಬುದನ್ನೂ ಮರೆಯಬಾರದು. ಸವೆದ ಟೈರಿನಲ್ಲಿ ಓಡಿಸುವುದು ಅನೇಕ ವೇಳೆ ಅಜ್ಞಾನವಲ್ಲ, ಬಡತನ. ಸಿಂಪಡಣೆಯ ಪಂಪಿಗೆ, ಗೊಬ್ಬರಕ್ಕೆ ಸಾಲ ಕೊಡುವ ನಮ್ಮ ಸಹಕಾರಿ ಸಂಘಗಳು ಮಳೆಗಾಲದ ಮುನ್ನ ಟೈರು, ಬ್ರೇಕುಗಳಿಗೂ ಕಡಿಮೆ ಬಡ್ಡಿಯ ಸಾಲ ಕೊಡಲು ಮನಸ್ಸು ಮಾಡಬೇಕು. ಅವನ ಜೀಪಿನಲ್ಲಿ ಕೂರುವವರು ಸಂಘದ ಸದಸ್ಯರ ಮಕ್ಕಳೇ ತಾನೆ?

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ಮೃಗಶಿರ ಮಳೆ ಹಿಡಿಯುವ ಮುನ್ನ ಒಂದು ಭಾನುವಾರ ನೋಟುಪುಸ್ತಕ ಹಿಡಿದು ಊರಿನ ವಾಹನಗಳ ಬಳಿಗೆ ಹೋಗಿರಿ. ಮಾಲೀಕರ ಒಪ್ಪಿಗೆ ಪಡೆದು ಪ್ರತಿ ಟೈರಿನ ನಾಲ್ಕು ಅಂಕಿಗಳನ್ನೂ ಗೀರಿನ ಆಳವನ್ನೂ ಬರೆದುಕೊಳ್ಳಿರಿ. ಆ ಪಟ್ಟಿಯನ್ನು ಗ್ರಾಮಸಭೆಯ ಮುಂದೆ ಇಡಿರಿ. ಮರ ಎಣಿಸಲು ಬರುವವರಿಗಿಂತ ಮೊದಲು ನಾವು ಟೈರು ಎಣಿಸಿದ್ದರೆ, ತಿರುವಿನ ಆ ಮರದ ಪರವಾಗಿ ಮಾತನಾಡಲು ನಮಗೆ ಇನ್ನಷ್ಟು ಬಲ ಬರುತ್ತದೆ.