ಡಬ್ಬಿ ಒಡೀರಿ ಸ್ವಾಮಿ!

ಬ್ಲಾಗಿಗೆ ಧೂಳು ಹಿಡಿದು ತಿಂಗಳುಗಳೇ ಆದವು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಆದರೆ ಹೋದ ವಾರ ಊರಿಗೆ ಹೋಗಿ ಬಂದ ಮೇಲೆ ಹೊಟ್ಟೆಯಲ್ಲಿ ಏನೋ ಸಂಕಟ. ಇಲ್ಲಿ ಕಾರಿಕೊಳ್ಳದಿದ್ದರೆ ನಿದ್ದೆ ಬರಲ್ಲ. ಮೊದಲೇ ಹೇಳಿಬಿಡ್ತೀನಿ, ಇದನ್ನು ಓದಿ ಕೆಲವರಿಗೆ ಮೆಣಸಿನಕಾಯಿ ಇಟ್ಟ ಹಾಗೆ ಉರಿಯಬಹುದು. ಉರಿಯಲಿ. ಮೊದಲು ಉರಿದದ್ದು ನನಗೇ.

ನನ್ನ ಹುಚ್ಚು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಸ್ಟಾರ್ ವಾರ್ಸ್, ಟ್ರಾನ್ಸ್‌ಫಾರ್ಮರ್ಸ್, ಜಿ.ಐ. ಜೋ... ಇವುಗಳ ಗೊಂಬೆ ಕೂಡಿಡುವುದು. ಯಾರಾದರೂ ಗೊಂಬೆ ಅಂದರೆ "ಗೊಂಬೆ ಅಲ್ರೀ, ಆಕ್ಷನ್ ಫಿಗರ್" ಅಂತ ತಿದ್ದುತ್ತಿದ್ದವನು ನಾನು. ಆ ಹೆಸರಿನ ಗುಟ್ಟು ಏನು ಗೊತ್ತಾ? 1964ರಲ್ಲಿ ಅಮೆರಿಕದ ಹ್ಯಾಸ್‌ಬ್ರೋ ಕಂಪನಿ ಜಿ.ಐ. ಜೋ ತಂದಾಗ, ಗಂಡು ಹುಡುಗರು ಗೊಂಬೆ ಕೊಳ್ಳಲ್ಲ ಅಂತ ಹೆದರಿ ಇಟ್ಟ ಹೆಸರು ಅದು. ಅಂದರೆ ನಾಚಿಕೆ ಮುಚ್ಚಿಕೊಳ್ಳೋಕೆ ಇಟ್ಟ ಹೆಸರು. ಈಗ ಅದೇ ನಮಗೆ ಬಿರುದು!

ಇರಲಿ, ನಡೆದದ್ದು ಹೇಳ್ತೀನಿ. ಬೆಂಗಳೂರಲ್ಲಿ ಬಾಡಿಗೆ ಮನೆ ಬದಲಿಸುವಾಗ ಎರಡು ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ರಾಣೆಬೆನ್ನೂರಿನ ಅಕ್ಕನ ಮನೆ ಅಟ್ಟಕ್ಕೆ ಸಾಗಿಸಿದ್ದೆ. ಮೊನ್ನೆ ಇಳಿಸಿ ಎಣಿಸುತ್ತಾ ಕೂತಿದ್ದೆ. ಎಲ್ಲ ಸೀಲ್ ಒಡೆಯದ ಡಬ್ಬಿಗಳು. ಅಕ್ಕನ ಮಗನಿಗೆ ಏಳು ವರ್ಷ, ಲಾರಿ ಹುಚ್ಚ. ಪಿ.ಬಿ. ರೋಡಿನಲ್ಲಿ ಹೋಗುವ ಲಾರಿಯ ಹಾರ್ನ್ ಕೇಳಿಯೇ ಇದು ಹತ್ತು ಗಾಲಿದು, ಇದು ಹದಿನಾಲ್ಕು ಗಾಲಿದು ಅನ್ನುವಷ್ಟು. ಅವನ ಕಣ್ಣಿಗೆ ಬಿದ್ದದ್ದು ಆಪ್ಟಿಮಸ್ ಪ್ರೈಮ್. ಲಾರಿಯಾಗಿದ್ದು ರೋಬೋ ಆಗ್ತಾನಲ್ಲ, ಅವನೇ. ಕೈ ಹಾಕಿದ.

"ಏ, ಮುಟ್ಟಬ್ಯಾಡೋ!"

ನನ್ನ ದನಿ ನನಗೇ ಗಾಬರಿ ಆಗುವಷ್ಟು ಜೋರಾಗಿತ್ತು. ಹುಡುಗ ಅಳಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ಕೇಳಿದ: "ಮತ್ತ ಯಾಕ ತಗೊಂಡಿ ಮಾಮಾ?"

ಉತ್ತರ ಇರಲಿಲ್ಲ. ಅಡುಗೆಮನೆಯಿಂದ ಅಕ್ಕ ಅಂದಳು: "ಬ್ಯಾಡಗಿ ಕೋಲ್ಡ್ ಸ್ಟೋರೇಜ್‌ನಾಗ ಮೆಣಸಿನಕಾಯಿ ಇಟ್ಟಂಗ ಇಟ್ಟಿಯಲ್ಲೋ ತಮ್ಮಾ. ಅದಾದ್ರೂ ಒಂದಿನ ಸಾರಿಗಿ ಬೀಳ್ತೈತಿ."

ಈ ಮಾತು ಯಾಕೆ ಅಷ್ಟು ಚುಚ್ಚಿತು ಅಂದರೆ, ನಮ್ಮಪ್ಪ ಬ್ಯಾಡಗಿ ಪ್ಯಾಟಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಹಾವೇರಿಯಿಂದ ದಿನಾ ಹೋಗಿ ಬರೋದು. ಅಂಗಿಗೆ ಮೆಣಸಿನ ಘಾಟು, ಬಾಗಿಲು ದಾಟಿದ ತಕ್ಷಣ ನಾವೆಲ್ಲ ಸೀನೋದು. ಒಂದು ಸೀಜನ್ ಮುಗಿದಾಗ ಅವರ ಚೀಲದಿಂದ ಜಿ.ಐ. ಜೋ ಬಂತು. ಗೋವಾದಲ್ಲಿ ಫನ್‌ಸ್ಕೂಲ್ ಕಂಪನಿ ಮಾಡಿದ್ದು. ಎಂ.ಆರ್.ಎಫ್. ಮತ್ತು ಹ್ಯಾಸ್‌ಬ್ರೋ ಸೇರಿ 1987ರಲ್ಲಿ ಶುರು ಮಾಡಿದ ಕಂಪನಿ ಅದು. ಗೊಂಬೆಗೂ ಘಾಟು! ಮೂಸಿ ಸೀನಿ, ಮತ್ತೆ ಮೂಸಿದ್ದು ನೆನಪಿದೆ.

ಡಬ್ಬಿ ಆವತ್ತೇ ಒಲೆಗೆ ಹೋಯಿತು. ಗೊಂಬೆ ಮಣ್ಣಲ್ಲಿ, ಬಚ್ಚಲಲ್ಲಿ, ಹುಣಸೆಮರದ ಪೊಟರೆಯಲ್ಲಿ ಯುದ್ಧ ಮಾಡಿತು. ಆ ಗೊಂಬೆಗಳ ಸೊಂಟ ನಿಲ್ಲೋದು ಒಳಗಿನ ಒಂದು ಸಣ್ಣ ರಬ್ಬರ್ ಉಂಗುರದ ಮೇಲೆ. ಅದು ಹರಿದರೆ ಸೈನಿಕ ಎರಡು ತುಂಡು. ನಮ್ಮವನೂ ಆದ. ಸೈಕಲ್ ಶಾಪಿನಲ್ಲಿ ಒಂದು ತುಂಡು ವಾಲ್ ಟ್ಯೂಬ್ ಇಸಕೊಂಡು ಕಟ್ಟಿದೆ. ಮತ್ತೆ ಎದ್ದು ನಿಂತ, ಸ್ವಲ್ಪ ಸೊಟ್ಟಗೆ. ಕೊನೆಗೆ ಎಲ್ಲಿ ಕಳೆದುಹೋದ ಅಂತ ನನಗೆ ಗೊತ್ತಿಲ್ಲ.

ಈಗ ತಮಾಷೆ ಕೇಳಿ. ನಾವು ಹೀಗೆ ಹಾಳು ಮಾಡಿದ ಅದೇ ಫನ್‌ಸ್ಕೂಲ್ ಸೈನಿಕರನ್ನು, ಬಣ್ಣ ಬೇರೆ ಇದೆ ಅನ್ನೋ ಕಾರಣಕ್ಕೆ, ಅಮೆರಿಕದ ಸಂಗ್ರಾಹಕರು ಹುಡುಕಿ ಹುಡುಕಿ ಕೊಂಡರು. ಸ್ಟಾರ್ ವಾರ್ಸ್ ಕಥೆಯೂ ಇದೇ. ಸಿನಿಮಾ ಬಂದದ್ದು 1977. ಕೆನ್ನರ್ ಕಂಪನಿಗೆ ಆ ಕ್ರಿಸ್‌ಮಸ್‌ಗೆ ಗೊಂಬೆ ಮಾಡಿ ಮುಗಿಸಲು ಆಗದೆ, "ಆಮೇಲೆ ಕಳಿಸ್ತೀವಿ" ಅನ್ನುವ ಚೀಟಿ ಇದ್ದ ಖಾಲಿ ರಟ್ಟನ್ನೇ ಮಾರಿತು. ಗೊಂಬೆ ಬಂದದ್ದು 1978ರಲ್ಲಿ, ಮೂರೂಮುಕ್ಕಾಲು ಇಂಚಿನವು. ಈಗ ಅವುಗಳ ಸೀಲ್ ಒಡೆಯದ ಡಬ್ಬಿಗೆ ಕಣ್ಣು ಕುಕ್ಕುವ ಬೆಲೆ. ಯಾಕೆ? ಅವತ್ತಿನ ಮಕ್ಕಳು ಡಬ್ಬಿ ಹರಿದು ಆಡಿದರು, ಮುರಿದರು, ಕಳೆದರು. ಅದಕ್ಕೇ ಉಳಿದದ್ದು ಕಡಿಮೆ.

ಅಂದರೆ ಆ ಬೆಲೆಯನ್ನು ಹುಟ್ಟಿಸಿದ್ದು ಕೂಡಿಟ್ಟವರಲ್ಲ ಸ್ವಾಮಿ, ಆಡಿದವರು!

ಇದನ್ನು ಅರ್ಥ ಮಾಡಿಕೊಳ್ಳದೆ ನಾವೆಲ್ಲ ಡಬ್ಬಿ ಕಾಯ್ತಾ ಕೂತಿದ್ದೀವಿ. 1995ರಲ್ಲಿ ಸ್ಟಾರ್ ವಾರ್ಸ್ ಗೊಂಬೆಗಳು ಮತ್ತೆ ಬಂದಾಗ ಅಲ್ಲಿನ ದೊಡ್ಡವರು ಅಟ್ಟ ತುಂಬಾ ತುಂಬಿಕೊಂಡರು. 1999ರ ಹೊಸ ಸಿನಿಮಾದ ಗೊಂಬೆಗಳಂತೂ ಗೋದಾಮಿನಲ್ಲಿ ಕೊಳೆಯುವಷ್ಟು ಬಂದವು. ಎಲ್ಲರೂ ಸೀಲ್ ಒಡೆಯದೆ ಇಟ್ಟಿದ್ದರಿಂದ ಇವತ್ತು ಅವುಗಳಲ್ಲಿ ಬಹುಪಾಲಿಗೆ ಕೇಳುವವರಿಲ್ಲ. ಎಲ್ಲರ ಮನೆಯಲ್ಲೂ ಇರೋದು ಅಪರೂಪ ಹೇಗಾಗುತ್ತೆ? ಇಷ್ಟು ಲೆಕ್ಕ ಬ್ಯಾಡಗಿಯ ಹಮಾಲನಿಗೂ ಗೊತ್ತು. ಎಲ್ಲರ ಚೀಲವೂ ಒಂದೇ ದಿನ ಪ್ಯಾಟಿಗೆ ಬಂದರೆ ದರ ಬೀಳುತ್ತೆ.

ಆದರೆ ರೈತನಿಗೆ ದರ ಬಿದ್ದರೆ ಹೊಟ್ಟೆಗೆ ಹೊಡೆತ. 2024ರ ಮಾರ್ಚ್ 11ರಂದು ಬ್ಯಾಡಗಿ ಎಪಿಎಂಸಿಯಲ್ಲಿ ದರ ಕುಸಿದಾಗ ವಾಹನಗಳು ಸುಟ್ಟು ಹೋದದ್ದನ್ನು ಎಲ್ಲರೂ ನೋಡಿದ್ದೀರಿ. ಬೆಂಕಿ ಹಚ್ಚಿದ್ದು ಸರಿ ಅಂತಲ್ಲ. ಆದರೆ ಅವನ ಡಬ್ಬಿಗೆ (ನಮ್ಮಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ಬಗೆ ಮೆಣಸಿನಕಾಯಿ, ಗೊತ್ತಲ್ಲ) ಅರ್ಥ ಇದೆ. ನನ್ನ ಡಬ್ಬಿಗೆ ಏನಿದೆ?

ಇನ್ನು ಮಾರ್ಕೆಟ್ಟು. ಹಾವೇರಿಯಲ್ಲಿ ನಾನು ಚಿಕ್ಕವನಿದ್ದಾಗ ಬಾಯಿ ಬಿಟ್ಟು ನೋಡುತ್ತಿದ್ದ ಆಟಿಕೆ ಅಂಗಡಿಗೆ ಹೋಗಿದ್ದೆ. ಅರ್ಧ ಅಂಗಡಿ ಸ್ಟೇಷನರಿ, ಇನ್ನರ್ಧ ಬರ್ತ್‌ಡೇ ಬಲೂನು. "ಹುಡುಗ್ರು ಬರೂದ ಕಡಿಮಿ ಆಗೇತ್ರಿ, ಮೊಬೈಲ್ ಒಂದ ಸಾಕು ಅವ್ರಿಗಿ" ಅಂದರು ಮಾಲೀಕರು. ಮೊಬೈಲ್ ಮೇಲೆ ಗೂಬೆ ಕೂರಿಸೋದು ಸುಲಭ. ಆದರೆ ಪೂರ್ತಿ ನಿಜ ಅಲ್ಲ.

2020ರ ಬಜೆಟ್‌ನಲ್ಲಿ ಆಟಿಕೆಗಳ ಆಮದು ಸುಂಕ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಮುದ್ರೆ ಕಡ್ಡಾಯವಾಯಿತು. ಮಕ್ಕಳು ಬಾಯಿಗೆ ಇಟ್ಟುಕೊಳ್ಳುವ ಪ್ಲಾಸ್ಟಿಕ್ಕಿನಲ್ಲಿ ಸೀಸ ಇರಬಾರದು, ಇದರಲ್ಲಿ ತಕರಾರಿಲ್ಲ. ನಮ್ಮ ಪಕ್ಕದ ಕೊಪ್ಪಳದಲ್ಲಿ ಆಟಿಕೆ ಕಾರ್ಖಾನೆಗಳ ಕ್ಲಸ್ಟರ್‌ಗೆ 2021ರಲ್ಲಿ ಅಡಿಗಲ್ಲೂ ಬಿತ್ತು, ಸಂತೋಷ. ಆದರೆ ಆ ಆದೇಶದಲ್ಲಿ ಒಂದು ಗೆರೆ ಇದೆ ನೋಡಿ: ಆಟಿಕೆ ಅಂದರೆ 14 ವರ್ಷದೊಳಗಿನ ಮಕ್ಕಳು ಆಡಲೆಂದು ಮಾಡಿದ್ದು. ಈಗ ನಿಮ್ಮ ಅಟ್ಟದ ಡಬ್ಬಿ ತಿರುಗಿಸಿ ನೋಡಿ. ಎಷ್ಟರ ಮೇಲೆ "14+" ಅಂತ ಇದೆ? ನನ್ನ ಎರಡು ಪೆಟ್ಟಿಗೆಯಲ್ಲಿ ಮುಕ್ಕಾಲು ಪಾಲು ಅದೇ. ಅಂದರೆ ಅದು ಆಟಿಕೆ ಅಲ್ಲ ಅಂತ ಮಾಡಿದವನೇ ಬರೆದಿದ್ದಾನೆ!

ಕಂಪನಿಗಳನ್ನು ಬೈದು ಪ್ರಯೋಜನ ಇಲ್ಲ. ಏಳು ವರ್ಷದ ಹುಡುಗನ ಜೇಬಲ್ಲಿ ದುಡ್ಡಿಲ್ಲ, ನಲವತ್ತರ ಸಾಫ್ಟ್‌ವೇರ್ ಮಾಮನ ಜೇಬಲ್ಲಿದೆ. ಮಾಮನಿಗೆ ಬೇಕಾದದ್ದು ಕಿಟಕಿ ಇರುವ ಚೆಂದದ ಡಬ್ಬಿ, ನಂಬರ್ ಹಾಕಿದ "ಲಿಮಿಟೆಡ್ ಎಡಿಷನ್", ಎರಡು ಸಾವಿರ ಮೂರು ಸಾವಿರ ಬೆಲೆ. ಕಂಪನಿ ಅದನ್ನೇ ಮಾಡುತ್ತೆ. ನಾವು ಡಬ್ಬಿ ಕೇಳಿದೆವು, ಡಬ್ಬಿ ಕೊಟ್ಟರು. ಆಮೇಲೆ ನಾವೇ ಬ್ಲಾಗಲ್ಲಿ ಕೂತು "ಈಗಿನ ಮಕ್ಕಳಿಗೆ ಬಾಲ್ಯವೇ ಇಲ್ಲ" ಅಂತ ಕಣ್ಣೀರು ಹಾಕ್ತೀವಿ. ನಾನೂ ಬರೆದಿದ್ದೀನಿ ಅಂಥದ್ದು, ಎರಡು ಸಲ. ಕ್ಷಮಿಸಿ.

"ನಾವು ಕಾಪಾಡದಿದ್ದರೆ ಮುಂದಿನವರಿಗೆ ಏನು ಉಳಿಯುತ್ತೆ?" ಅಂತ ಒಬ್ಬ ಗೆಳೆಯ ಫೋನಲ್ಲಿ ವಾದ ಮಾಡಿದ. ಒಪ್ಪೋಣ. ನಿಜವಾಗಿ ಹಳೆಯದಾದ, ನಾಲ್ಕು ಉಳಿದಿರುವ ವಸ್ತುವನ್ನು ಜೋಪಾನ ಮಾಡಿ, ಪುಣ್ಯ ಬರುತ್ತೆ. ಬಿಚ್ಚಿ ಶೋಕೇಸಿನಲ್ಲಿ ನಿಲ್ಲಿಸಿ ದಿನಾ ನೋಡಿ ಖುಷಿ ಪಡುವವರ ಬಗ್ಗೆಯೂ ನನ್ನ ಜಗಳ ಇಲ್ಲ. "ನನ್ನ ದುಡ್ಡು, ನನ್ನ ಗೊಂಬೆ" ಅಂತೀರಾ? ಅದೂ ಸರಿ. ನನ್ನ ಜಗಳ ಇರೋದು ಹೋದ ವರ್ಷ ಲಕ್ಷಗಟ್ಟಲೆ ಅಚ್ಚು ಹಾಕಿದ ಪ್ಲಾಸ್ಟಿಕ್ಕನ್ನು ಬಂಗಾರ ಅಂದುಕೊಂಡು, ಮನೆಯ ಮಗುವಿನ ಕೈಗೆ ಹೊಡೆಯುವವರ ಜೊತೆ. ಅಂದರೆ ನನ್ನ ಜೊತೆಯೇ.

ಸರಿ, ಕೊನೆಗೆ ಏನಾಯ್ತು? ರಾತ್ರಿ ಊಟ ಆದ ಮೇಲೆ ಹುಡುಗನನ್ನು ಕರೆದೆ. "ತಗೊಳ್ಳೋ, ಒಡಿ" ಅಂದೆ. ನಂಬಲಿಲ್ಲ, ಅಮ್ಮನ ಮುಖ ನೋಡಿದ. ಆಮೇಲೆ ಟೇಪನ್ನು ಹಲ್ಲಿನಿಂದ ಕಚ್ಚಿ ಎಳೆದ. ಆ ಸದ್ದಿಗೆ ನನ್ನ ಎದೆ ಝಲ್ ಅಂತು, ಸುಳ್ಳು ಯಾಕೆ ಹೇಳಲಿ. ರೋಬೋ ಹೊರಗೆ ಬಂದ.

"ಮಾಮಾ, ಲಾರಿ ಮಾಡಿ ತೋರ್ಸು."

ನನಗೆ ಬರಲಿಲ್ಲ ಕಣ್ರೀ. ಆರು ವರ್ಷ ನನ್ನ ಹತ್ತಿರ ಇದ್ದ ಗೊಂಬೆ. ಅದರ ಬೆಲೆ ಗೊತ್ತಿತ್ತು, ಇಸವಿ ಗೊತ್ತಿತ್ತು, ಡಬ್ಬಿಯ ಯಾವ ಮೂಲೆ ಎಷ್ಟು ಮಡಚಿದೆ ಅಂತ ಗೊತ್ತಿತ್ತು. ಕಾಲು ಎಲ್ಲಿ ಮಡಚಬೇಕು ಅಂತ ಗೊತ್ತಿರಲಿಲ್ಲ. ಹುಡುಗ ಕಿತ್ತುಕೊಂಡು, ನಾಲಿಗೆ ಹೊರಗೆ ಹಾಕಿ, ಒಂದು ಕಾಲು ಗಂಟೆ ತಿರುವಿ ತಿರುವಿ ಲಾರಿ ಮಾಡಿಯೇ ಬಿಟ್ಟ. ಹಾರ್ನ್ ಬಾಯಿಂದ ಬಂತು. ಮರುದಿನ ಬೆಳಿಗ್ಗೆ ಒಂದು ಕೈ ಮುರಿದಿತ್ತು. ಸೈಕಲ್ ಶಾಪ್ ಎಲ್ಲಿದೆ ಅಂತ ಅಕ್ಕನನ್ನು ಕೇಳಿದೆ.

ಉಳಿದ ಡಬ್ಬಿಗಳು ಇನ್ನೂ ಅಲ್ಲೇ ಇವೆ. ಪ್ರತಿ ಸಲ ಊರಿಗೆ ಹೋದಾಗ ಒಂದೊಂದು ಒಡೆಯೋದು ಅಂತ ಒಪ್ಪಂದ ಆಗಿದೆ.

ನಿಮ್ಮ ಅಟ್ಟದ ಮೇಲೆ ಎಷ್ಟಿವೆ? ಬೈಯೋದಿದ್ದರೆ ಧಾರಾಳವಾಗಿ ಬೈಯಿರಿ, ಆದರೆ ಮೊದಲು ಒಂದು ಡಬ್ಬಿ ಒಡೆದು ಬಂದು ಬೈಯಿರಿ. ಏನಂತೀರಿ?